ಕೆಲಸ ಹೋದಲ್ಲಿಗೆ ಹೊಣೆಯೂ ಹೋಗಲಿ: ನಮ್ಯ ದುಡಿಮೆ, ಭದ್ರತೆ ಮತ್ತು ನಿರಂತರತೆ



1. ಪ್ರಶ್ನೆ

ದುಡಿಮೆಗೆ ಗೊತ್ತಾದ ಜಾಗ, ಗೊತ್ತಾದ ಹೊತ್ತು ಇರುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಹತ್ತಕ್ಕೆ ಕಛೇರಿ ತೆರೆದು ಐದೂವರೆಗೆ ಮುಚ್ಚುವುದು, ಕಾರ್ಖಾನೆಯಾದರೆ ದಿನಕ್ಕೆ ಮೂರು ಪಾಳಿ, ಹಾಜರಿ ಪುಸ್ತಕದಲ್ಲಿ ಒಂದು ಸಹಿ. ಈಗ ಆ ಕಟ್ಟು ಸಡಿಲವಾಗಿದೆ. ಕೆಲವರು ವಾರಪೂರ್ತಿ ಮನೆಯಿಂದಲೇ ದುಡಿಯುತ್ತಾರೆ, ಕೆಲವರು ವಾರಕ್ಕೆ ಎರಡು ಮೂರು ದಿನ ಕಛೇರಿಗೆ ಬರುತ್ತಾರೆ, ಇನ್ನು ಕೆಲವರ ಕಛೇರಿ ಅವರ ಜೇಬಿನ ಮೊಬೈಲಿನಲ್ಲೇ ಇದೆ. ಜನರ ಬಾಯಲ್ಲಿ ಇದು ವರ್ಕ್ ಫ್ರಂ ಹೋಮ್, ಹೈಬ್ರಿಡ್. ಜಾಗ ಮತ್ತು ಹೊತ್ತುಗಳ ಕಟ್ಟು ಸಡಿಲಿಸಿದ ಎಲ್ಲ ಬಗೆಯ ದುಡಿಮೆಯನ್ನೂ ಒಟ್ಟಾಗಿ ಇಂದು ನಮ್ಯ ದುಡಿಮೆ ಎಂದು ಕರೆಯುತ್ತೇನೆ.

ನನ್ನ ಮುಂದಿರುವ ಪ್ರಶ್ನೆಗಳು ಎರಡು. ಇದರಿಂದ ಸಂಸ್ಥೆಯ ಭದ್ರತೆ ಹೆಚ್ಚಿತೇ, ಕುಗ್ಗಿತೇ? ಆಪತ್ತು ಎರಗಿದಾಗ ಕೆಲಸ ನಿಲ್ಲದೆ ಸಾಗುವ ಶಕ್ತಿ ಬಂತೇ, ಹೋಯಿತೇ? ಮೊದಲನೆಯದನ್ನು ಭದ್ರತೆ ಎನ್ನೋಣ, ಎರಡನೆಯದನ್ನು ನಿರಂತರತೆ. ಒಂದು ಪಕ್ಷದವರು, ಜನ ಹಂಚಿಹೋದರೆ ಯಾವ ಆಪತ್ತೂ ಎಲ್ಲರನ್ನೂ ಒಟ್ಟಿಗೆ ತಟ್ಟಲಾರದು ಎನ್ನುತ್ತಾರೆ. ಇನ್ನೊಂದು ಪಕ್ಷದವರು, ಕಣ್ಣಳತೆ ತಪ್ಪಿದ ಕೆಲಸಕ್ಕೆ ಕಾವಲಿಲ್ಲ ಎನ್ನುತ್ತಾರೆ. ಎರಡು ಮಾತಿಗೂ ಆಧಾರವಿದೆ. ಆದರೆ ಎರಡೂ ಜಾಗವನ್ನೇ ದಿಟ್ಟಿಸುತ್ತವೆ. ಜಾಗಕ್ಕಿಂತ ಮೊದಲು ಕೇಳಬೇಕಾದದ್ದು ಹೊಣೆಯ ಪ್ರಶ್ನೆ ಎಂಬುದು ನನ್ನ ನಿಲುವು. ಕೆಲಸವನ್ನು ಹೊರಗೆ ಕಳಿಸಿದ ಸಂಸ್ಥೆ ಹೊಣೆಯನ್ನೂ ಅದರ ಬೆನ್ನಿಗೆ ಕಳಿಸಿದರೆ ಎರಡೂ ಬೆಳೆಯುತ್ತವೆ. ಕೆಲಸವನ್ನಷ್ಟೇ ಕಳಿಸಿ ಹೊಣೆಯನ್ನು ನೌಕರನ ಮನೆಯವರ ತಲೆಗೆ ಕಟ್ಟಿದರೆ ಎರಡೂ ಕುಸಿಯುತ್ತವೆ. ಈ ನಿಲುವನ್ನು ಇತಿಹಾಸ, ಕಾನೂನು ಮತ್ತು ನಮ್ಮ ಕೊಪ್ಪಳ ಜಿಲ್ಲೆಯ ದುಡಿಮೆಯ ಉದಾಹರಣೆಗಳಿಂದ ಪರೀಕ್ಷಿಸಿ ನೋಡೋಣ.

2. ಹಂಚಿದ್ದು ಉಳಿಯಿತು, ಕೂಡಿಟ್ಟದ್ದು ಹೋಯಿತು

ಈ ವಿಚಾರವನ್ನು ಆನೆಗೊಂದಿಯಲ್ಲಿ ಎತ್ತುವುದಕ್ಕೆ ಕಾರಣವಿದೆ. ಒಂದು ದೊಡ್ಡ ಆಡಳಿತ ತನ್ನ ನೆಲೆಯನ್ನೇ ಕಿತ್ತುಕೊಂಡು ಹೋಗಬೇಕಾದಾಗ ಏನೇನಾಗುತ್ತದೆ ಎಂಬುದಕ್ಕೆ ಇಲ್ಲಿನ ತುಂಗಭದ್ರಾ ಹೊಳೆಯ ಎರಡೂ ದಂಡೆಗಳು ಸಾಕ್ಷಿಯಾಗಿವೆ. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಕಾಳಗದಲ್ಲಿ ವಿಜಯನಗರದ ಅಳಿಯ ರಾಮರಾಯ ಮಡಿದ ಮೇಲೆ, ಅವನ ತಮ್ಮ ತಿರುಮಲ ಅರಸ ಸದಾಶಿವರಾಯನನ್ನೂ ಬೊಕ್ಕಸವನ್ನೂ ಕಟ್ಟಿಕೊಂಡು ಪೆನುಗೊಂಡೆಯ ದಾರಿ ಹಿಡಿದ. ನೂರಾರು ಆನೆಗಳ ಮೇಲೆ ಸಂಪತ್ತು ಹೊರಟಿತೆಂದು ಪೋರ್ಚುಗೀಸರ ಬರಹಗಳು ಹೇಳುತ್ತವೆ. ಅಂದರೆ ಅರಸ ಸಾಗಿದ, ಹಣ ಸಾಗಿತು, ಆಳುವ ಹಕ್ಕೂ ಸಾಗಿತು. ಹಾಗೆ ಸಾಗಿದ್ದರಿಂದಲೇ ಅರವೀಡು ಮನೆತನದ ಹೆಸರಿನಲ್ಲಿ ರಾಜ್ಯ ಇನ್ನೂ ಹಲವು ದಶಕ ಬಾಳಿತು.

ಸಾಗದೆ ಉಳಿದದ್ದರ ಕಡೆಗೂ ನೋಡಬೇಕು. 1567ರಲ್ಲಿ ಇಲ್ಲಿಗೆ ಬಂದು ಏಳು ತಿಂಗಳು ನಿಂತ ಇಟಲಿಯ ವ್ಯಾಪಾರಿ ಸೀಸರ್ ಫ್ರೆಡರಿಕ್ ವಿಜಯನಗರವನ್ನು ಪೂರ್ತಿ ನೆಲಸಮವಾದ ಊರೆಂದು ವರ್ಣಿಸುವುದಿಲ್ಲ. ಮನೆಗಳು ನಿಂತಿದ್ದವು, ಒಳಗೆ ಜನರಿರಲಿಲ್ಲ. ತಿರುಮಲ ಮರಳಿ ಬಂದು ನಗರವನ್ನು ತುಂಬಿಸಲು ಯತ್ನಿಸಿದ, ಆಗದೆ ಪೆನುಗೊಂಡೆಗೇ ಹೋದ. ಕಟ್ಟಡವಿದ್ದೂ ಪೇಟೆ ಏಕೆ ಮರಳಲಿಲ್ಲ? ದಾರಿಯಲ್ಲಿ ಸರಕಿಗೆ ಕಾವಲುಂಟು, ಕೊಟ್ಟ ಮಾತಿಗೆ ಬೆಲೆಯುಂಟು ಎಂಬ ಅಭಯ ವ್ಯಾಪಾರಿಗೆ ಸಿಗಲಿಲ್ಲ. ನಿರಂತರತೆ ಕಟ್ಟಡದ ಗುಣವಲ್ಲ, ಭರವಸೆಯ ಗುಣ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ದಾಖಲೆಯ ಕಥೆ ಇನ್ನೂ ತಿಳಿವಳಿಕೆ ಕೊಡುವಂಥದು. 1443ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿನ ಬರಹದ ಎರಡು ಬಗೆ ಕಂಡ: ಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯುವುದು ಒಂದು, ಕಪ್ಪು ಬಳಿದ ಹಾಳೆಯ ಮೇಲೆ ಮೆದುಕಲ್ಲಿನ ಕಡ್ಡಿಯಿಂದ ಬರೆಯುವುದು ಇನ್ನೊಂದು. ಆಸ್ಥಾನದ ಲೆಕ್ಕಪತ್ರವೆಲ್ಲ ಇಂಥವುಗಳಲ್ಲೇ ಇತ್ತು. ರಾಜಧಾನಿಯ ಆ ಕಡತರಾಶಿ ಇಂದು ನಮಗೆ ಉಳಿದಿಲ್ಲ. ಉಳಿದಿರುವುದು ನಾಡಿನ ಊರೂರಿನ ಗುಡಿಗಳ ಕಲ್ಲಿನಲ್ಲಿ ಕೊರೆದದ್ದು, ದಾನ ಪಡೆದವರ ಮನೆಗಳಲ್ಲಿದ್ದ ತಾಮ್ರಶಾಸನ. ವಿಜಯನಗರದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಬರೆದಿರುವುದು ಈ ಹಂಚಿಹೋದ ಪ್ರತಿಗಳಿಂದ. ಹಾಗೆಯೇ ವಿಜಯನಗರ ಕಾಲದ ಕಾಲುವೆಗಳು. ಅರಸೊತ್ತಿಗೆ ಹೋದ ಮೇಲೂ ಅವು ಹರಿದವು, ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ. ಅವುಗಳನ್ನು ಕಾಯುವವರು, ತೂಬು ಎತ್ತುವವರು, ಹೂಳು ತೆಗೆಯುವವರು ಕಾಲುವೆಯ ದಂಡೆಯಲ್ಲೇ ಇದ್ದರು.

ಇಲ್ಲಿಂದ ಮೂರು ಎಳೆಗಳನ್ನು ಕೈಗೆತ್ತಿಕೊಳ್ಳೋಣ. ಹಲವೆಡೆ ಹಂಚಿಟ್ಟ ದಾಖಲೆ ಬಾಳುತ್ತದೆ. ಕೆಲಸ ನಡೆಯುವಲ್ಲೇ ಹೊಣೆ ಹೊತ್ತವರಿದ್ದರೆ ಕೆಲಸ ಬಾಳುತ್ತದೆ. ಅಭಯ ಕೊಡುವವರಿಲ್ಲದಿದ್ದರೆ ಗೋಡೆ ನಿಂತಿದ್ದರೂ ಜನ ನಿಲ್ಲುವುದಿಲ್ಲ.

3. ಗೋಡೆ ಮಾಡುತ್ತಿದ್ದ ಕೆಲಸ

ಕಛೇರಿಯ ಗೋಡೆಯನ್ನು ನಾವು ಬರಿಯ ಕಟ್ಟಡವೆಂದು ಎಣಿಸಿದ್ದೆವು. ಅದು ಸದ್ದಿಲ್ಲದೆ ನಾಲ್ಕು ಕೆಲಸ ಮಾಡುತ್ತಿತ್ತು. ಬಂದವರಾರು ಎಂದು ಬಾಗಿಲಲ್ಲಿ ಗುರುತಿಸುತ್ತಿತ್ತು. ಕಾಗದಪತ್ರ ಹೊರಹೋಗದಂತೆ ತಡೆಯುತ್ತಿತ್ತು. ಅನುಮಾನ ಬಂದಾಗ ಪಕ್ಕದ ಮೇಜಿನವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಲು ಎಡೆ ಕೊಡುತ್ತಿತ್ತು. ಅವಘಡವಾದರೆ ಯಾರ ವ್ಯಾಪ್ತಿಯಲ್ಲಿ ಆಯಿತು ಎಂಬುದನ್ನು ನಿರ್ವಿವಾದವಾಗಿ ಹೇಳುತ್ತಿತ್ತು.

ನಮ್ಮ ಕಾನೂನುಗಳೂ ಈ ಗೋಡೆಯನ್ನು ನಂಬಿಯೇ ಹುಟ್ಟಿದವು. 1948ರ ಕಾರ್ಖಾನೆಗಳ ಕಾಯ್ದೆಯಾಗಲಿ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಾಗಲಿ, ಒಂದು ಆವರಣವನ್ನು ಗುರುತಿಸಿ ಅಲ್ಲಿನ ಗಾಳಿ, ಬೆಳಕು, ಕೆಲಸದ ಗಂಟೆ, ಸುರಕ್ಷತೆಗಳ ಹೊಣೆಯನ್ನು ಆವರಣ ನಡೆಸುವವನ ಮೇಲಿಟ್ಟವು. ಕಾಲ್ ಸೆಂಟರ್ ಮೊದಲಾದ ಹೊರಗುತ್ತಿಗೆ ಸೇವೆಗಳಿಗೆ ದೂರಸಂಪರ್ಕ ಇಲಾಖೆ ವಿಧಿಸಿದ್ದ ನಿಯಮಗಳೂ ಇದೇ ಜಾಡಿನವು. ಮನೆಯಿಂದ ಕೆಲಸ ಮಾಡಿಸಬೇಕಾದರೆ ಭದ್ರತಾ ಠೇವಣಿ ಇಡಬೇಕಿತ್ತು, ಗೊತ್ತುಪಡಿಸಿದ ಖಾಸಗಿ ಸಂಪರ್ಕಮಾರ್ಗವನ್ನೇ ಬಳಸಬೇಕಿತ್ತು. 2020ರ ಮಾರ್ಚಿನಲ್ಲಿ ಈ ಷರತ್ತುಗಳನ್ನು ತಾತ್ಕಾಲಿಕವಾಗಿ ಸಡಿಲಿಸಲಾಯಿತು, ಅದೇ ವರ್ಷದ ನವೆಂಬರಿನಲ್ಲಿ ಹೊಸ ಮಾರ್ಗಸೂಚಿ ಬಂತು. ವಿಶೇಷ ಆರ್ಥಿಕ ವಲಯಗಳಿಗೆ 2022ರ ಜುಲೈನಲ್ಲಿ ಮನೆಯಿಂದ ಕೆಲಸದ ನಿಯಮವನ್ನೇ ಸೇರಿಸಲಾಯಿತು.

ಹೀಗೆ ಕಾನೂನು ಕೆಲಸವನ್ನು ಹೊರಗೆ ಬಿಟ್ಟಿತು. ಆದರೆ ಗೋಡೆ ಮಾಡುತ್ತಿದ್ದ ನಾಲ್ಕು ಕೆಲಸಗಳನ್ನು ಇನ್ನು ಮುಂದೆ ಯಾರು ಮಾಡಬೇಕು ಎಂಬುದನ್ನು ಅಷ್ಟೇ ಸ್ಪಷ್ಟವಾಗಿ ಹೇಳಲಿಲ್ಲ. ನಮ್ಯ ದುಡಿಮೆಯ ಬಹುತೇಕ ತೊಡಕುಗಳು ಹುಟ್ಟಿದ್ದು ಈ ಎಡೆಯಲ್ಲಿ.

4. ನಿರಂತರತೆಗೆ ಬಂದ ಲಾಭ

ಲಾಭವನ್ನು ಮೊದಲು ಒಪ್ಪಿಕೊಳ್ಳಬೇಕು. 2020ರ ಮಾರ್ಚ್ ಕೊನೆಯ ವಾರದಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳು ಕೆಲವೇ ದಿನಗಳಲ್ಲಿ ತಮ್ಮ ಬಹುಪಾಲು ನೌಕರರನ್ನು ಮನೆಯಿಂದ ದುಡಿಯುವಂತೆ ಮಾಡಿದವು. ಲ್ಯಾಪ್‌ಟಾಪ್ ಇಲ್ಲದವರ ಮನೆಗೆ ಡೆಸ್ಕ್‌ಟಾಪ್ ಕಂಪ್ಯೂಟರುಗಳನ್ನೇ ಸಾಗಿಸಿದ ಸಂಸ್ಥೆಗಳೂ ಇದ್ದವು. ಕೊಪ್ಪಳ, ರಾಯಚೂರು, ಬಾಗಲಕೋಟೆಯ ಹಳ್ಳಿಗಳಿಗೆ ಮರಳಿದ ಎಷ್ಟೋ ತರುಣ ತರುಣಿಯರು ಅಟ್ಟದ ಮೇಲೆ, ಮಾಳಿಗೆಯ ಮೇಲೆ ಸಿಗ್ನಲ್ ಹುಡುಕಿ ದೂರದೇಶದ ಗ್ರಾಹಕರ ಕೆಲಸ ನಡೆಸಿದರು. 2015ರ ಡಿಸೆಂಬರಿನಲ್ಲಿ ಚೆನ್ನೈ ನೀರಿನಲ್ಲಿ ಮುಳುಗಿದಾಗ ಅಲ್ಲಿನ ಸಂಸ್ಥೆಗಳು ನೌಕರರನ್ನು ಬೆಂಗಳೂರು ಮೊದಲಾದ ಊರುಗಳಿಗೆ ಸಾಗಿಸಬೇಕಾಗಿತ್ತು. ಐದು ವರ್ಷದಲ್ಲಿ ಜನರನ್ನು ಸಾಗಿಸುವ ಬದಲು ಕೆಲಸವನ್ನೇ ಸಾಗಿಸುವ ಅಭ್ಯಾಸ ಬಂದಿತ್ತು.

ಬೆಂಗಳೂರಿನ ಹೊರವರ್ತುಲ ರಸ್ತೆ ಇನ್ನೊಂದು ನಿದರ್ಶನ. 2022ರ ಆಗಸ್ಟ್ 30ರ ಮಳೆಯಲ್ಲಿ ನೌಕರರು ಐದು ಗಂಟೆಗೂ ಹೆಚ್ಚು ಹೊತ್ತು ಆ ರಸ್ತೆಯಲ್ಲಿ ಸಿಲುಕಿದ್ದರಿಂದ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಅಲ್ಲಿನ ಕಂಪನಿಗಳ ಒಕ್ಕೂಟ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಮರುವಾರ ಮತ್ತೆ ಪ್ರವಾಹ ಬಂದಾಗ ಸಂಸ್ಥೆಗಳು ನೌಕರರಿಗೆ ಮನೆಯಲ್ಲೇ ಇರಲು ಹೇಳಿದವು. 2023ರ ಸೆಪ್ಟೆಂಬರಿನ ಕಾವೇರಿ ಬಂದ್ ದಿನಗಳಲ್ಲೂ ಹೀಗೇ ಆಯಿತು. ರಸ್ತೆ ಕೆಟ್ಟರೂ ಕೆಲಸ ಕೆಡಲಿಲ್ಲ.

ನದಿ ದಾಟಿ ಬದುಕುವ ಈ ಭಾಗದವರಿಗೆ ದಾರಿ ಕಡಿದುಹೋಗುವುದೆಂದರೇನು ಎಂದು ವಿವರಿಸಬೇಕಿಲ್ಲ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಇಲ್ಲಿ ಕಂಡ ಬುಟ್ಟಿಯಂಥ ಹರಿಗೋಲೇ ಇತ್ತೀಚಿನವರೆಗೂ ನಮ್ಮ ಸಾರಿಗೆಯಾಗಿತ್ತು. ಆನೆಗೊಂದಿಯಿಂದ ತಳವಾರಘಟ್ಟಕ್ಕೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು. 2019ರ ಆಗಸ್ಟಿನ ಹೊಳೆ ವಿರುಪಾಪುರಗಡ್ಡೆಯನ್ನು ಸುತ್ತುವರಿದಾಗ ನೂರಾರು ಜನರನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ಕರೆತರಬೇಕಾಯಿತು. ಒಂದೇ ದಾರಿಯನ್ನು ನಂಬಿದ ಕೆಲಸಕ್ಕೆ ಇನ್ನೊಂದು ದಾರಿ ಬೇಕು ಎಂಬುದು ಇಲ್ಲಿಯವರ ಹಳೆಯ ತಿಳಿವಳಿಕೆ.

ಆದರೆ ಹಂಚಿಹೋಗುವುದೊಂದೇ ನಿರಂತರತೆಯ ದಾರಿಯಲ್ಲ. ಅದೇ 2020ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ತದ್ವಿರುದ್ಧವಾದದ್ದನ್ನು ಮಾಡಿತು. ದೇಶದ ಪಾವತಿ ವ್ಯವಸ್ಥೆಯೂ ಹಣದ ಮಾರುಕಟ್ಟೆಯೂ ನಿಲ್ಲಬಾರದೆಂದು ಸುಮಾರು 150 ಮಂದಿ ಅಧಿಕಾರಿಗಳು, ಸಿಬ್ಬಂದಿ ಮತ್ತು ಸೇವಾದಾರರನ್ನು ಮನೆಯವರಿಂದ ಬೇರ್ಪಡಿಸಿ, ಪ್ರತ್ಯೇಕವಾಗಿರಿಸಿ, ಹಗಲಿರುಳು ದುಡಿಸಿತು. ಹಂಚಬಹುದಾದ ಕೆಲಸ ಯಾವುದು, ಕೂಡಿಡಲೇಬೇಕಾದ ಕೆಲಸ ಯಾವುದು ಎಂಬ ವಿಂಗಡಣೆ ಮೊದಲೇ ಆಗಿದ್ದರಿಂದಲೇ ಅದು ಸಾಧ್ಯವಾಯಿತು. ನಮ್ಯತೆಗೆ ಮೊದಲು ವಿವೇಚನೆ ಬರಬೇಕೆಂಬುದಕ್ಕೆ ಇದು ಸಾಕ್ಷಿ.

5. ಭದ್ರತೆಗೆ ಬಂದ ಪೆಟ್ಟು

ಈಗ ಭದ್ರತೆಯ ಕಡೆಗೆ ತಿರುಗೋಣ. ನೂರು ಜನರ ಕಛೇರಿಗೆ ಒಂದು ದೊಡ್ಡ ಬಾಗಿಲಿತ್ತು. ನೂರು ಮನೆಗೆ ಹಂಚಿದಾಗ ನೂರು ಸಣ್ಣ ಬಾಗಿಲುಗಳಾದವು. ಮನೆಯ ವೈಫೈ ಪಾಸ್‌ವರ್ಡ್ ನೆರೆಮನೆಯ ಹುಡುಗರಿಗೂ ಗೊತ್ತು. ಬೆಳಿಗ್ಗೆ ಬ್ಯಾಂಕಿನ ಲೆಕ್ಕ ನೋಡಿದ ಕಂಪ್ಯೂಟರಿನಲ್ಲೇ ಸಂಜೆ ಮಗ ಆಟ ಆಡುತ್ತಾನೆ. ಎಲ್ಲಕ್ಕಿಂತ ದೊಡ್ಡ ನಷ್ಟ, ಪಕ್ಕದ ಮೇಜಿನವರನ್ನು ಕೇಳುವ ಅವಕಾಶದ್ದು. ಮೇಲಧಿಕಾರಿಯ ಹೆಸರಿನಲ್ಲಿ ‘ಕೂಡಲೇ ಈ ಖಾತೆಗೆ ಹಣ ಕಳಿಸಿ’ ಎಂಬ ಸಂದೇಶ ಬಂದಾಗ ಕಛೇರಿಯಲ್ಲಿದ್ದವರು ಎದ್ದು ಹೋಗಿ ಕೇಳುತ್ತಿದ್ದರು. ಮನೆಯಲ್ಲಿ ಒಬ್ಬರೇ ಕೂತವರು ಅದನ್ನು ನಂಬಿಬಿಡುತ್ತಾರೆ. ವಂಚಕರಿಗೆ ಬೇಕಾದದ್ದೂ ಇದೇ ಒಂಟಿತನ.

ಇದು ದೊಡ್ಡ ಸಂಸ್ಥೆಗಳ ಕಥೆ ಮಾತ್ರವಲ್ಲ. ಗಂಗಾವತಿಯಂಥ ಭತ್ತದ ಪೇಟೆಯಲ್ಲಿ ರೈಸ್ ಮಿಲ್ಲಿನ ಗುಮಾಸ್ತರು ರಾತ್ರಿ ಮನೆಯಿಂದಲೇ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ತೆರೆಯುವುದು, ಲೆಕ್ಕ ಪರಿಶೋಧಕರು ದೂರದಿಂದಲೇ ಅಂಗಡಿಯ ಕಂಪ್ಯೂಟರಿನೊಳಗೆ ಬರುವುದು ಇಂದು ಯಾರಿಗೂ ಹೊಸದಲ್ಲ. ಇದಕ್ಕೆ ಬಳಕೆಯಾಗುವ ಎನಿಡೆಸ್ಕ್‌ನಂಥ ತಂತ್ರಾಂಶಗಳ ಮೂಲಕ ಖಾತೆಗಳಿಂದ ಹಣ ಲಪಟಾಯಿಸಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕು 2019ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು. ತಂತ್ರಾಂಶ ತಪ್ಪಲ್ಲ. ಕೆಲಸ ಮುಗಿದ ಮೇಲೂ ತೆರೆದೇ ಉಳಿದ ಸಂಪರ್ಕ, ಇಡೀ ಅಂಗಡಿಗೆ ಒಂದೇ ಪಾಸ್‌ವರ್ಡ್, ಕೆಲಸ ಬಿಟ್ಟುಹೋದವರ ಬಳಿಯೂ ಅದೇ ಪಾಸ್‌ವರ್ಡ್ ಇರುವುದು ಅಪಾಯ.

ಹಾಗೆಂದು ಗೋಡೆಯೊಳಗೆ ಕುಳಿತರೆ ಸುರಕ್ಷಿತ ಎಂದುಕೊಳ್ಳಬಾರದು. 2022ರ ನವೆಂಬರ್ 23ರಂದು ಸೈಬರ್ ದಾಳಿಯಿಂದ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಬೀಗ ಬಿತ್ತು. ಸುಮಾರು ಎರಡು ವಾರ ಹೊರರೋಗಿಗಳ ಚೀಟಿಯಿಂದ ಪ್ರಯೋಗಾಲಯದ ವರದಿಯವರೆಗೆ ಎಲ್ಲವನ್ನೂ ಕೈಯಲ್ಲಿ ಬರೆದು ನಡೆಸಬೇಕಾಯಿತು. ಜಾಲವನ್ನು ಸರಿಯಾಗಿ ವಿಭಾಗಿಸದಿದ್ದುದು ಕಾರಣವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಅಂದರೆ ಹೊರಗೋಡೆಯಿದ್ದೂ ಒಳಗೆ ಕೋಣೆಗಳಿರಲಿಲ್ಲ. ಮನೆಯಲ್ಲಿರಲಿ, ಕಛೇರಿಯಲ್ಲಿರಲಿ, ಒಬ್ಬರ ಕೈಯಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಮಿತಿ ಇಡದಿದ್ದರೆ ಭದ್ರತೆ ಇಲ್ಲ. ನಮ್ಯ ದುಡಿಮೆ ಈ ಹಳೆಯ ದೋಷವನ್ನು ಹುಟ್ಟಿಸಲಿಲ್ಲ, ಬಯಲಿಗೆ ತಂದಿತು.

ಭದ್ರತೆಯ ಹೆಸರಿನಲ್ಲಿ ನಡೆಯುವ ಅತಿರೇಕವನ್ನೂ ಹೇಳಬೇಕು. ಕೆಲವು ಸಂಸ್ಥೆಗಳು ನೌಕರರ ಕೀಲಿಮಣೆಯ ಪ್ರತಿ ಒತ್ತನ್ನೂ ಎಣಿಸಲು, ಕ್ಯಾಮೆರಾ ಸದಾ ತೆರೆದಿರಿಸಲು ಹೊರಟವು. 2022ರಲ್ಲಿ ವಿಪ್ರೋ ಸಂಸ್ಥೆ, ಪ್ರತಿಸ್ಪರ್ಧಿ ಸಂಸ್ಥೆಗಳಿಗೂ ದುಡಿಯುತ್ತಿದ್ದರೆಂಬ ಕಾರಣಕ್ಕೆ 300 ನೌಕರರನ್ನು ತೆಗೆದದ್ದು ಸುದ್ದಿಯಾದಾಗ ಅನುಮಾನದ ಗಾಳಿ ಬಲವಾಯಿತು. ಗ್ರಾಹಕರ ಗುಟ್ಟು ಕಾಯುವುದು ಸಂಸ್ಥೆಯ ಹಕ್ಕು, ಸರಿ. ಆದರೆ ಮನೆ ನೌಕರನದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಆ ತೀರ್ಪಿನ ನೆಲದಲ್ಲಿ ನಿಂತು ನೋಡಿದರೆ, ಕಾವಲು ಇರಬೇಕಾದದ್ದು ಕಡತಕ್ಕೆ, ಅಡುಗೆಮನೆಗಲ್ಲ.

6. ಕಾಣದ ಒಂದೇ ಎಳೆ

ನಿರಂತರತೆಯ ವಿಚಾರದಲ್ಲಿ ಬಹಳ ಜನ ಗಮನಿಸದ ಒಂದು ಮೋಸವಿದೆ. ಜನ ನೂರು ಊರುಗಳಲ್ಲಿ ಹಂಚಿಹೋಗಿದ್ದರೂ ಅವರೆಲ್ಲ ನೆಚ್ಚಿರುವುದು ಒಂದೇ ತಂತ್ರಾಂಶ, ಒಂದೇ ಸೇವಾದಾರ, ಒಂದೇ ದತ್ತಾಂಶ ಕೇಂದ್ರವಾಗಿರಬಹುದು. ಆಗ ಹಂಚಿಕೆ ಮೇಲುನೋಟದ್ದು, ಒಳಗೆ ಎಲ್ಲವೂ ಒಂದೇ ಎಳೆಗೆ ಕಟ್ಟಿದೆ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ದೋಷಪೂರಿತ ಪರಿಷ್ಕರಣೆಯಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಕಾಯಲೆಂದು ಇಟ್ಟುಕೊಂಡದ್ದೇ ಕೆಲಸವನ್ನು ನಿಲ್ಲಿಸಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿ ಆಮೇಲಿನದು. ಬಹಳಷ್ಟು ಯಂತ್ರಗಳನ್ನು ದೂರದಿಂದ ಸರಿಪಡಿಸಲಾಗಲಿಲ್ಲ, ಒಂದೊಂದರ ಮುಂದೂ ಕೂತು ಕೈಯಾರೆ ಎಬ್ಬಿಸಬೇಕಾಯಿತು. ಯಂತ್ರಗಳು ಒಂದೇ ಕಟ್ಟಡದಲ್ಲಿದ್ದರೆ ತಂತ್ರಜ್ಞರು ಸಾಲಾಗಿ ಮುಗಿಸಬಹುದು, ನೌಕರರ ಮನೆಮನೆಯಲ್ಲಿದ್ದರೆ ಫೋನಿನಲ್ಲೇ ಒಬ್ಬೊಬ್ಬರಿಗೂ ಹೇಳಿಕೊಡಬೇಕು. ದಾರಿ ಕೆಟ್ಟಾಗ ಕೈಹಿಡಿಯುವ ಹಂಚಿಕೆಯೇ ಯಂತ್ರ ಕೆಟ್ಟಾಗ ಚೇತರಿಕೆಯನ್ನು ನಿಧಾನಗೊಳಿಸುತ್ತದೆ.

ಅದೇ ತಿಂಗಳ ಕೊನೆಗೆ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಜ್ ಸಂಸ್ಥೆಯ ಮೇಲೆ ಸುಲಿಗೆ ತಂತ್ರಾಂಶದ ದಾಳಿಯಾದಾಗ, ಸೋಂಕು ಹಬ್ಬದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಅದರ ಸಂಪರ್ಕ ಕಡಿಯಿತು. ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ನಿಂತಿತು, ಮರುದಿನ ಮರಳಿತು. 2025ರ ಜನವರಿಯಲ್ಲಿ ನಮ್ಮ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಹುಸಿ ಕೋರಿಕೆಗಳ ಸುರಿಮಳೆಯ ದಾಳಿ ನಡೆದು ಉಪನೋಂದಣಿ ಕಛೇರಿಗಳ ಕೆಲಸ ಕುಂಟಿತು. ಎಲ್ಲಿಂದ ಬೇಕಾದರೂ ಅರ್ಜಿ ಹಾಕಬಹುದೆಂಬ ಅನುಕೂಲ, ಎಲ್ಲಿಂದ ಬೇಕಾದರೂ ದಾಳಿ ಮಾಡಬಹುದೆಂಬ ಅಪಾಯವನ್ನೂ ಹೊತ್ತು ಬರುತ್ತದೆ.

7. ನಮ್ಮ ಜಿಲ್ಲೆಯ ಮೂರು ಬಗೆಯ ದುಡಿಮೆ

ಕೊಪ್ಪಳ ಜಿಲ್ಲೆಯ ಮಟ್ಟಿಗೆ ಈ ವಿಚಾರವನ್ನು ಮೂರು ಬಗೆಯ ದುಡಿಮೆಯಲ್ಲಿಟ್ಟು ನೋಡಬೇಕು.

ಮೊದಲನೆಯದು ಕದಲಿಸಲಾಗದ ದುಡಿಮೆ. ಗಿಣಿಗೇರಾ, ಬೇವಿನಹಳ್ಳಿಯ ಉಕ್ಕು ಕಬ್ಬಿಣದ ಕುಲುಮೆ, ಕಾರಟಗಿ ಗಂಗಾವತಿಯ ಅಕ್ಕಿ ಗಿರಣಿ, ಮುನಿರಾಬಾದಿನ ಅಣೆಕಟ್ಟು ಇವು ಮನೆಗೆ ಬರಲಾರವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಒಂದೇ ಕಡೆ ಒತ್ತಡ ಬೀಳದಿರಲೆಂದು ಉಳಿದ ಗೇಟುಗಳನ್ನೂ ತೆರೆದು, ಮೂರು ರಾಜ್ಯಗಳ ರೈತರು ನೆಚ್ಚಿದ್ದ ನೀರನ್ನು ಹೊಳೆಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಒಂದೊಂದಾಗಿ ಇಳಿಸಿ, ಒಂದು ವಾರದೊಳಗೆ ಹರಿವು ತಡೆದರು. ಪರದೆಯ ಮೇಲೆ ನೀರಿನ ಮಟ್ಟ ನೋಡುವವರು ಎಲ್ಲಿಯಾದರೂ ಇರಬಹುದು, ಗೇಟಿಗೆ ಮಾತ್ರ ಕೈ ಬೇಕು. ಇಂಥ ಕೆಲಸದಲ್ಲಿ ನಿರಂತರತೆ ಎಂದರೆ ಸಕಾಲದ ದುರಸ್ತಿ, ಬದಲಿ ಸಾಮಗ್ರಿ, ಮತ್ತು ಹಿರಿಯರ ಅನುಭವ ಕಿರಿಯರ ಕೈಗೆ ಬರುವುದು. ನಿವೃತ್ತಿ ದಾಟಿದ ತಜ್ಞರೊಬ್ಬರನ್ನು ನಾಡು ಕರೆಯಬೇಕಾಯಿತೆಂಬುದು ಅವರಿಗೆ ಹಿರಿಮೆ, ವ್ಯವಸ್ಥೆಗೆ ಎಚ್ಚರಿಕೆ.

ಎರಡನೆಯದು ಓಡಾಡುವ ದುಡಿಮೆ. ಹಿಂದೆ ಗ್ರಾಮ ಲೆಕ್ಕಿಗರೆನಿಸಿದ್ದ ಇಂದಿನ ಗ್ರಾಮ ಆಡಳಿತ ಅಧಿಕಾರಿಗಳನ್ನು ನೋಡಿ. ಬೆಳೆ ಸಮೀಕ್ಷೆ, ಪಿಂಚಣಿ, ಪರಿಹಾರ, ಆಧಾರ್ ಜೋಡಣೆ ಎಲ್ಲವೂ ಮೊಬೈಲ್ ಆ್ಯಪ್‌ಗಳಲ್ಲಿ. 2024ರ ಸೆಪ್ಟೆಂಬರ್ ಕೊನೆಯಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ಅವರು ರಾಜ್ಯದಾದ್ಯಂತ ಮುಷ್ಕರ ಹೂಡಿದಾಗ ಕೇಳಿದ್ದೇನು? ಕೂರಲು ಕಛೇರಿ, ಮೇಜು ಕುರ್ಚಿ, ಅಲ್ಮೇರಾ, ಒಳ್ಳೆಯ ಮೊಬೈಲ್, ಡೇಟಾ, ಲ್ಯಾಪ್‌ಟಾಪ್, ಪ್ರಿಂಟರ್. ಸರ್ಕಾರದ ಕೆಲಸ ನೌಕರರ ಸ್ವಂತ ಫೋನಿಗೆ ಇಳಿದಿತ್ತು, ಹೊಣೆ ಇಳಿದಿರಲಿಲ್ಲ. ಇದೇ ರಾಜ್ಯ 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಾಗ, ದಾಖಲೆ ತಿದ್ದುವವರು ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂಬ ಕಟ್ಟಳೆ ಇಟ್ಟಿತ್ತು. ಯಾರು, ಯಾವಾಗ, ಏನನ್ನು ತಿದ್ದಿದರು ಎಂಬುದು ದಾಖಲಾಗುತ್ತಿತ್ತು. ಅಷ್ಟು ಎಚ್ಚರದಿಂದ ಕಾದ ರೈತನ ವಿವರ ಕಳೆದುಹೋಗಬಹುದಾದ, ಮಾರಾಟವಾಗಬಹುದಾದ ಸ್ವಂತ ಫೋನಿನಲ್ಲಿ ಸುತ್ತಾಡುವುದು ಮುನ್ನಡೆಯಲ್ಲ.

ಮೂರನೆಯದು ಮನೆಯ ದುಡಿಮೆ. ಮನೆಯಿಂದ ಕೆಲಸ ಮಾಡುವುದನ್ನು 2020ರ ಆವಿಷ್ಕಾರವೆಂದು ನಾವು ಹೇಳಲಾಗದು. ಕುಷ್ಟಗಿ ತಾಲ್ಲೂಕಿನ ದೋಟಿಹಾಳದ ನೇಕಾರರು ಇಳಕಲ್ ಸೀರೆಯನ್ನು ನೇಯುವುದು ಮನೆಯೊಳಗಿನ ಮಗ್ಗದಲ್ಲೇ. ಕಿನ್ನಾಳದ ಚಿತ್ರಗಾರರ ಮರದ ಬೊಂಬೆ ಬಣ್ಣ ಪಡೆಯುವುದು ಮನೆಯ ಪಡಸಾಲೆಯಲ್ಲೇ. ಆನೆಗೊಂದಿಯಲ್ಲಿ 1997ರಲ್ಲಿ ಶಮಾ ಪವಾರ್ ಕಟ್ಟಿದ ಕಿಷ್ಕಿಂಧಾ ಟ್ರಸ್ಟ್, ಕಸವೆಂದು ಬಿಸಾಡುತ್ತಿದ್ದ ಬಾಳೆಯ ದಿಂಡಿನ ನಾರನ್ನು ಮಹಿಳೆಯರ ಕೈಯ ಕಸುಬಾಗಿಸಿತು. ಮನೆಗೆಲಸ, ಹೊಲಗೆಲಸಗಳ ನಡುವೆ ತಮ್ಮ ಹೊತ್ತಿಗೆ ಹೊಂದಿಸಿಕೊಂಡು ಹಗ್ಗ ಹೊಸೆಯುವುದು, ಬುಟ್ಟಿ ಹೆಣೆಯುವುದು ನಮ್ಯ ದುಡಿಮೆಯ ಒಳ್ಳೆಯ ಮಾದರಿ. ನಾರು, ಕಲಿಕೆ, ಮಾರುಕಟ್ಟೆ ಇವುಗಳ ಹೊಣೆಯನ್ನು ಸಂಸ್ಥೆಯೊಂದು ಹೊತ್ತದ್ದರಿಂದ ಮನೆಯ ದುಡಿಮೆಗೆ ಬೆನ್ನೆಲುಬು ಬಂತು.

ನೇಕಾರಿಕೆಯ ಅನುಭವ ಕಹಿಯದೂ ಹೌದು. ನೂಲು ಸಾವಕಾರನದು, ಮಗ್ಗ ಮತ್ತು ಸೂರು ನೇಕಾರನವು. ಮಳೆಗೆ ಮಗ್ಗದ ಕುಣಿಯಲ್ಲಿ ನೀರು ನಿಂತರೆ, ಲಾಕ್‌ಡೌನಿನಲ್ಲಿ ಸೀರೆ ಮಾರದೆ ಉಳಿದರೆ, ಕೂಲಿ ನಿಲ್ಲುವುದು ಮೊದಲು ನೇಕಾರನ ಮನೆಯಲ್ಲಿ. ಲಾಭದ ದಾರಿ ಮೇಲಕ್ಕೆ, ನಷ್ಟದ ದಾರಿ ಕೆಳಕ್ಕೆ. ಸಾಫ್ಟ್‌ವೇರ್ ನೌಕರರ ಮನೆಯ ವಿದ್ಯುತ್ತು, ಇಂಟರ್ನೆಟ್ಟು, ಕುರ್ಚಿ, ಕೋಣೆಗಳ ಖರ್ಚನ್ನು ಅವರೇ ಹೊರಬೇಕೆನ್ನುವ ಸಂಸ್ಥೆಗಳು ಇದೇ ಹಳೆಯ ವ್ಯವಸ್ಥೆಯನ್ನು ಹೊಸ ಹೆಸರಿನಲ್ಲಿ ತರುತ್ತಿವೆ.

8. ಹೊಣೆಯ ಲಕ್ಷಣಗಳು

ಹಾಗಾದರೆ ಹೊಣೆ ಹೊರುವುದೆಂದರೆ ಏನು? ಕಾನೂನು ಒಂದು ಸುಳಿವು ಕೊಟ್ಟಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಜನರ ವಿವರ ಸಂಗ್ರಹಿಸಿದ ಸಂಸ್ಥೆ ಅದನ್ನು ಬೇರೊಬ್ಬರ ಕೈಯಲ್ಲಿ ಸಂಸ್ಕರಿಸಿದರೂ ಉತ್ತರಿಸಬೇಕಾದದ್ದು ತಾನೇ. ಸುರಕ್ಷತೆಯಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ. ಸೈಬರ್ ಅವಘಡ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ವ್ಯವಸ್ಥೆಯ ದಿನಚರಿ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು ಎಂದು ಸೈಬರ್ ಅವಘಡಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸೆರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಆದೇಶಿಸಿದೆ. ‘ನೌಕರ ಮನೆಯಲ್ಲಿದ್ದ’ ಎಂಬ ನೆಪಕ್ಕೆ ಈ ಎರಡರಲ್ಲೂ ಎಡೆಯಿಲ್ಲ. ಆದರೆ ಕಾನೂನಿನ ಮಾತು ಅವಘಡದ ನಂತರದ್ದು. ಮೊದಲೇ ಮಾಡಬೇಕಾದ ಕೆಲಸಗಳಿವೆ.

ಒಂದನೆಯದಾಗಿ, ಕೆಲಸಗಳ ವಿಂಗಡಣೆ. ಹೊರಗೆ ಕಳಿಸಬಹುದಾದದ್ದು, ಕಳಿಸಬಾರದ್ದು, ಆಪತ್ತಿನಲ್ಲಿ ಮಾತ್ರ ಕಳಿಸಬಹುದಾದದ್ದು ಎಂದು ಪಟ್ಟಿ ಬರೆದಿಡಬೇಕು. ಒಂದು ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೂ ಇದು ಒಂದು ಮಧ್ಯಾಹ್ನದ ಕೆಲಸ. ಸಾಲದ ಅರ್ಜಿ ನೋಡುವುದು ಮನೆಯಿಂದ ಆಗಬಹುದು, ಹಣ ವರ್ಗಾವಣೆಗೆ ಒಪ್ಪಿಗೆ ಕೊಡುವುದು ಒಬ್ಬರೇ ಮನೆಯಿಂದ ಮಾಡುವ ಕೆಲಸವಾಗಬಾರದು.

ಎರಡನೆಯದು, ಉಪಕರಣ ಮತ್ತು ಖರ್ಚು ಸಂಸ್ಥೆಯದಾಗಿರುವುದು. ಸಂಸ್ಥೆ ಕೊಟ್ಟ ಫೋನನ್ನು ಸಂಸ್ಥೆ ಪರಿಶೀಲಿಸಬಹುದು, ಕಳೆದರೆ ಅಳಿಸಬಹುದು, ಕೆಲಸ ಬಿಟ್ಟ ದಿನ ಮರಳಿ ಪಡೆಯಬಹುದು. ನೌಕರರ ಸ್ವಂತ ಫೋನಿನ ಮೇಲೆ ಈ ಯಾವ ಹಕ್ಕೂ ಅದಕ್ಕಿಲ್ಲ. ಉಪಕರಣದಲ್ಲಿ ಉಳಿಸಿದ ಹಣ ಭದ್ರತೆಯಲ್ಲಿ ಕಳೆದುಕೊಂಡ ಹಣ.

ಮೂರನೆಯದು, ಕೇಳಿ ಖಾತ್ರಿ ಮಾಡಿಕೊಳ್ಳುವ ಹಕ್ಕು. ತುರ್ತು ಎಂದು ಬಂದ ಯಾವ ಆದೇಶವನ್ನಾದರೂ ಇನ್ನೊಂದು ದಾರಿಯಿಂದ ಮರಳಿ ವಿಚಾರಿಸುವ ನೌಕರರನ್ನು ತಡ ಮಾಡಿದರೆಂದು ಗದರಿಸಬಾರದು. ತಪ್ಪಾಗಿ ಒಂದು ಕೊಂಡಿ ಒತ್ತಿದೆ ಎಂದು ತಾವಾಗಿ ಬಂದು ಹೇಳುವವರನ್ನು ಶಿಕ್ಷಿಸುವ ಕಛೇರಿಯಲ್ಲಿ ಆರು ಗಂಟೆಯ ನಿಯಮ ಪಾಲನೆಯಾಗುವುದಿಲ್ಲ. ಜನ ಮುಚ್ಚಿಡುತ್ತಾರೆ.

ನಾಲ್ಕನೆಯದು, ನಿಜಕ್ಕೂ ಬೇರೆಯಾದ ಎರಡನೆಯ ದಾರಿ. ಒಂದೇ ಕಂಬದ ಮೇಲೆ ಬರುವ ಎರಡು ಇಂಟರ್ನೆಟ್ ಸಂಪರ್ಕಗಳು ಎರಡಲ್ಲ, ಒಂದೇ. ಪ್ರತಿಗಳನ್ನು ಬೇರೆ ಜಾಗದಲ್ಲಿ, ಜಾಲದಿಂದ ಕಳಚಿಟ್ಟು ಕಾಯಬೇಕು. ಏನೂ ಇಲ್ಲದಾಗ ಕಾಗದದ ಮೇಲೆ ಮೂರು ದಿನ ಕೆಲಸ ನಡೆಸುವ ಪದ್ಧತಿ ಇರಬೇಕು, ರಸೀದಿ ಪುಸ್ತಕ ಎಲ್ಲಿದೆ ಎಂದು ಯಾರಿಗಾದರೂ ಗೊತ್ತಿರಬೇಕು.

ಐದನೆಯದು, ಅಭ್ಯಾಸ. ನಿರಂತರತೆಗೆಂದೇ ಐಎಸ್‌ಒ 22301 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ತಿರುಳಲ್ಲಿ ಒಂದು ಸರಳ ಮಾತಿದೆ: ಯೋಜನೆಯನ್ನು ಬರೆದರೆ ಸಾಲದು, ನಡೆಸಿ ನೋಡಬೇಕು. ವರ್ಷಕ್ಕೊಮ್ಮೆಯಾದರೂ ಕಛೇರಿ ಮುಚ್ಚಿ ಮನೆಯಿಂದ ನಡೆಸಿ ನೋಡಬೇಕು. ಇನ್ನೊಮ್ಮೆ ಜಾಲ ಕಡಿದು ಕಛೇರಿಯಿಂದಲೇ ನಡೆಸಿ ನೋಡಬೇಕು. ಮೊದಲನೆಯದನ್ನು ಕೊರೊನಾ ನಮಗೆ ಮಾಡಿಸಿದೆ. ಎರಡನೆಯದನ್ನು ಹೆಚ್ಚಿನವರು ಇನ್ನೂ ಮಾಡಿಲ್ಲ.

9. ತೀರ್ಮಾನ

ನಮ್ಯ ದುಡಿಮೆ ಜಾಗದ ಆಪತ್ತಿನಿಂದ ಸಂಸ್ಥೆಯನ್ನು ಕಾಯುತ್ತದೆ, ಜಾಲದ ಆಪತ್ತಿಗೆ ಅದನ್ನು ಒಡ್ಡುತ್ತದೆ. ನಿರಂತರತೆಗೆ ಅದು ತರುವ ಬಲ ದೊಡ್ಡದು, ಆದರೆ ಆ ಬಲ ತಾನಾಗಿ ಬರುವುದಿಲ್ಲ. ಭದ್ರತೆಗೆ ಅದು ತರುವ ಅಪಾಯವೂ ದೊಡ್ಡದು, ಆದರೆ ಅದು ತಡೆಯಲಾಗದ್ದಲ್ಲ. ಎಲ್ಲರನ್ನೂ ಮರಳಿ ಕಛೇರಿಗೆ ಕರೆಯುವುದೂ ಎಲ್ಲರನ್ನೂ ಮನೆಗೆ ಕಳಿಸುವುದೂ ಹೊಣೆಯ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಎರಡು ದಾರಿಗಳಾಗಬಹುದು.

ಆದ್ದರಿಂದ ಆಡಳಿತ ನಡೆಸುವವರ ಮುಂದೆ ಒಂದು ಬೇಡಿಕೆ ಇಡುತ್ತೇನೆ. ಮನೆಯಿಂದ, ಹೊಲದಿಂದ, ದಾರಿಯಿಂದ ಕೆಲಸ ಮಾಡಿ ಎಂಬ ಪ್ರತಿ ಆದೇಶದ ಜೊತೆಗೆ, ಅಲ್ಲಿನ ಉಪಕರಣ ಯಾರದು, ಖರ್ಚು ಯಾರದು, ದಾಖಲೆ ಕಾಯುವವರು ಯಾರು, ಅವಘಡವಾದರೆ ಉತ್ತರಿಸುವವರು ಯಾರು ಎಂಬ ನಾಲ್ಕು ಸಾಲಿನ ಹೊಣೆಪಟ್ಟಿಯೂ ಹೊರಡಬೇಕು. ಎರಡಕ್ಕೂ ಒಂದೇ ಕೈ ಸಹಿ ಹಾಕಬೇಕು. ಎರಡನೆಯ ಸಹಿ ಇಲ್ಲದ ಆದೇಶವನ್ನು ನೌಕರರೂ ಗ್ರಾಹಕರೂ ಅಪೂರ್ಣವೆಂದೇ ಎಣಿಸಿ ಪ್ರಶ್ನಿಸಬೇಕು. ಹಾಗೆ ಪ್ರಶ್ನಿಸುವ ರೂಢಿ ಬಂದ ದಿನ ನಮ್ಯ ದುಡಿಮೆ ಕೆಲವರ ಅನುಕೂಲವಾಗಿ ಉಳಿಯದೆ ಎಲ್ಲರ ವ್ಯವಸ್ಥೆಯಾಗುತ್ತದೆ.